ಕುದಿಯುವುದಕ್ಕೆ ಮುಂಚಿನ ಜಾಗ

2025ರ ಮೇ 22, ಗುರುವಾರ, ಬೆಳಗ್ಗೆ ಆರು ಗಂಟೆ ನಲವತ್ತು ನಿಮಿಷ. ಬಸವೇಶ್ವರನಗರದ ಮನೆಯ ಅಡುಗೆಮನೆಯಲ್ಲಿ, ಗ್ಯಾಸಿನ ಮೇಲಿಟ್ಟ ಪಾತ್ರೆಯಲ್ಲಿ ನೀರು ಕುದಿಯುತ್ತಿತ್ತು. ರಾಗಿಣಿ ಥರ್ಮಾಮೀಟರನ್ನು ಅದರೊಳಗೆ ಇಳಿಬಿಟ್ಟು, ಕಣ್ಣು ಮುಚ್ಚಿ, ಮಂತ್ರ ಒಪ್ಪಿಸುವವಳಂತೆ ಹೇಳಿದಳು: "ವಾಟರ್ ಬಾಯಿಲ್ಸ್ ಅಟ್ ಹಂಡ್ರೆಡ್ ಡಿಗ್ರೀಸ್ ಆಲ್ವೇಸ್."

ಊಟದ ಮೇಜಿನ ಹತ್ತಿರ ಹುರುಳಿಕಾಯಿ ನಾರು ತೆಗೆಯುತ್ತಿದ್ದ ಅತ್ತೆ ವತ್ಸಲಮ್ಮ ತಲೆ ಎತ್ತಲಿಲ್ಲ. "ಆಲ್ವೇಸ್ ಯಾಕೇ ಕೊನೇಲಿ ನೇತಾಡ್ತಿದೆ? ಬಸ್ಸಿನ ಫುಟ್‌ಬೋರ್ಡ್ ಮೇಲೆ ನಿಂತ ಹಾಗಿದೆ. ಒಳಗೆ ಕರಿ ಪಾಪ."

"ಒಳಗೆ ಅಂದ್ರೆ ಎಲ್ಲಿಗೆ ಅತ್ತೆ?"

"ಬಾಯಿಲ್ಸ್‌ಗೆ ಮುಂಚೆ. ವಾಟರ್ ಆಲ್ವೇಸ್ ಬಾಯಿಲ್ಸ್. ನಮ್ಮ ಎಕ್ಸ್‌ಚೇಂಜಲ್ಲಿ ಟ್ರಂಕ್ ಕಾಲ್ ಕೊಡುವಾಗ, 'ಹೀ ಜಸ್ಟ್ ಲೆಫ್ಟ್, ಸರ್' ಅಂತಿದ್ವಿ. 'ಲೆಫ್ಟ್ ಜಸ್ಟ್' ಅಂದಿದ್ರೆ ಸೂಪರ್‌ವೈಸರ್ ನನ್ನನ್ನೇ ಲೆಫ್ಟ್ ಮಾಡಿಸ್ತಿದ್ಲು."

ರಾಗಿಣಿಗೆ ನಗು ಬಂತು. ವತ್ಸಲಮ್ಮ ಟೆಲಿಫೋನ್ ಆಪರೇಟರ್ ಆಗಿ ನಿವೃತ್ತರಾದವರು. ಫೋನು ಎತ್ತಿದರೆ ಈಗಲೂ ಅವರ ದನಿ ಅರ್ಧ ಸ್ವರ ಏರುತ್ತಿತ್ತು.

"ವಾಟರ್ ಅಂತ ಹೇಳಿ ಒಂದು ಕ್ಷಣ ನಿಲ್ಲು. ಲೈನಿನ ಪ್ಲಗ್ ಕೈಲಿದೆ, ಬೋರ್ಡಿಗೆ ಇನ್ನೂ ಚುಚ್ಚಿಲ್ಲ ಅಂದ್ಕೋ. ಆ ಜಾಗದಲ್ಲಿ ಎಷ್ಟು ಹೊತ್ತು ನಿಂತರೂ ಜನ ಕಾಯ್ತಾರೆ ಕಣೇ. ಗಾಬರಿಲಿ ರಾಂಗ್ ನಂಬರ್‌ಗೆ ಮಾತ್ರ ಕೊಡಬೇಡ." ಆಮೇಲೆ ಪಾತ್ರೆಯ ಕಡೆ ಕತ್ತು ಚಾಚಿ, "ಅದು ಎಷ್ಟು ತೋರಿಸ್ತಿದೆ?" ಎಂದರು.

"ನೂರು," ಎಂದಳು ರಾಗಿಣಿ, ನೋಡದೆಯೇ.

ರಾಜಾಜಿನಗರದಲ್ಲಿ ಅವಳು ವಿಜ್ಞಾನ ಪಾಠ ಹೇಳುತ್ತಿದ್ದ ಕನ್ನಡ ಮಾಧ್ಯಮದ ಶಾಲೆ ಮಾರ್ಚಿನಲ್ಲಿ ಮುಚ್ಚಿತ್ತು. ಬೀಗ ಹಾಕುವ ದಿನ ಹೆಡ್ಮಿಸ್ ಪಾಪಮ್ಮ ಲ್ಯಾಬಿನ ಕಪಾಟಿನಿಂದ ಈ ಥರ್ಮಾಮೀಟರ್ ತೆಗೆದು, "ಇಟ್ಕೋ, ಇದನ್ನ ಯಾರು ಕೇಳ್ತಾರೆ" ಎಂದು ಕೊಟ್ಟಿದ್ದರು. ಈಗ ಅನ್ನಪೂರ್ಣೇಶ್ವರಿ ನಗರದ ಒಂದು ಇಂಗ್ಲಿಷ್ ಶಾಲೆ ಇವತ್ತು ಡೆಮೊ ಪಾಠಕ್ಕೆ ಕರೆದಿತ್ತು. ಅದೂ ತಪ್ಪಿದರೆ ಮಾಗಡಿ ರಸ್ತೆಯಲ್ಲಿ ಗಂಡ ಮಧ್ವೇಶನ ಸೋದರಮಾವನ ಟೈಲ್ಸ್ ಅಂಗಡಿ. ಬಿಲ್ಲಿಂಗ್ ಕೌಂಟರಿನಲ್ಲಿ ಕುರ್ಚಿ ಆಗಲೇ ಹಾಕಿಟ್ಟಿದ್ದರು. ಒಳ್ಳೆಯ ಕುರ್ಚಿ, ಮೇಲೆ ಫ್ಯಾನೂ ಇತ್ತು. ಆದರೆ ರಾಗಿಣಿಗೆ ಕೂರುವುದು ಬೇಕಿರಲಿಲ್ಲ. ಕೈಗೆ ಸೀಮೆಸುಣ್ಣ ಮೆತ್ತಿಕೊಂಡು ನಿಲ್ಲಬೇಕಿತ್ತು.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಾಗ ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಒಂದು ಮಂಪರು ಕವಿಯಿತು. ಮುಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು ಕೂತಿದ್ದರು. ಮೂರನೆಯವಳು ಬಂದಳು, ಇಬ್ಬರೂ ಒಂದಿಷ್ಟು ಸರಿದರು, ನಡುವೆ ಜಾಗವಾಯಿತು. ವಾಟರ್ ಇತ್ತ ಸರಿಯಿತು, ಬಾಯಿಲ್ಸ್ ಅತ್ತ ಸರಿಯಿತು. ನಡುವೆ ಆಲ್ವೇಸ್ ಬಂದು ಸೆರಗು ಸರಿಪಡಿಸಿಕೊಂಡು ಕೂತಿತು. ರಸ್ತೆಬದಿಯ ಮರಗಳ ನೆರಳು ಅವಳ ಮಡಿಲ ಮೇಲೆ ನೀರಿನಂತೆ ಹರಿದುಹೋಗುತ್ತಿತ್ತು.

ಡೆಮೊದಲ್ಲಿ ಮಕ್ಕಳಿರಲಿಲ್ಲ. ರಜೆ ಮುಗಿದಿರಲಿಲ್ಲವಾದ್ದರಿಂದ ಮೇಷ್ಟ್ರುಗಳೇ ಏಳನೇ ಕ್ಲಾಸಿನ ಮಕ್ಕಳಾಗಿ ಸಣ್ಣ ಬೆಂಚುಗಳಲ್ಲಿ ಮೊಣಕಾಲು ಮಡಚಿ ಕೂತಿದ್ದರು. ಪ್ರಿನ್ಸಿಪಾಲ್ ಶಶಿಕಲಾ ಹಿಂದಿನ ಬೆಂಚಿನಲ್ಲಿ. ಫಿಸಿಕ್ಸಿನ ಗಿರಿರಾಜ್ ಸಾರ್, ನರೆತ ಮೀಸೆಯವರು, ಮುಂದಿನ ಬೆಂಚಿನಲ್ಲಿ ತುಂಟ ಹುಡುಗನ ಪಾತ್ರ ವಹಿಸಿಕೊಂಡು ಪಕ್ಕದವರ ಪೆನ್ನು ಬಚ್ಚಿಡುತ್ತಿದ್ದರು.

ಬೀಕರಿನಲ್ಲಿ ನೀರು ಕುದಿಯಿತು. ರಾಗಿಣಿಯ ಇಂಗ್ಲಿಷ್ ಎಡವಲಿಲ್ಲ. ಅವಳು ಗಿರಿರಾಜರನ್ನು ಕರೆದು ಥರ್ಮಾಮೀಟರ್ ಓದಲು ಹೇಳಿದಳು.

ಅವರು ಬಗ್ಗಿ ನೋಡಿದರು. "ಮಿಸ್, ನೈಂಟಿ ಸೆವೆನ್ನಲ್ಲೇ ನಿಂತ್ಬಿಟ್ಟಿದೆ. ಮೇಲೆ ಹೋಗ್ತಾನೇ ಇಲ್ಲ. ಥರ್ಮಾಮೀಟರ್ ಡಬ್ಬಾನಾ ಮಿಸ್?"

ಬೆಂಚುಗಳಲ್ಲಿ ನಗೆಯೆದ್ದಿತು. "ರೆಕಾರ್ಡಲ್ಲಿ ಏನು ಬರೀಲಿ ಮಿಸ್? ಹಂಡ್ರೆಡ್ಡಾ?" ಅವರ ದನಿಯಲ್ಲಿ ಈಗ ತುಂಟತನವಿರಲಿಲ್ಲ.

ಹಳೆಯ ಶಾಲೆಯಲ್ಲಿ ಪ್ರತಿ ವರ್ಷವೂ ಯಾವುದಾದರೊಂದು ಮಗು ಇದೇ ಪ್ರಶ್ನೆ ಕೇಳುತ್ತಿತ್ತು. ಪ್ರತಿ ವರ್ಷವೂ ರಾಗಿಣಿ, "ಥರ್ಮಾಮೀಟರ್ ಹಳೇದು ಕಣೋ, ನೂರು ಅಂತ ಬರಿ" ಎನ್ನುತ್ತಿದ್ದಳು. ಅವಳಿಗೆ ಕಲಿಸಿದವರೂ ಹಾಗೇ ಬರೆಸಿದ್ದರು. ಊರು ಸಮುದ್ರಮಟ್ಟದಿಂದ ಎತ್ತರದಲ್ಲಿದೆ, ಗಾಳಿಯ ಒತ್ತಡ ಕಡಿಮೆ, ಅದಕ್ಕೇ ನೀರು ನೂರಕ್ಕೆ ಮುಂಚೆಯೇ ಕುದಿಯುತ್ತದೆ ಎಂದು ಅವಳು ಬಿಎಸ್‌ಸಿಯಲ್ಲೇ ಓದಿದ್ದಳು. ಆದರೆ ಪರೀಕ್ಷೆಗೆ ಬೇಕಾದದ್ದು ನೂರು. ಮೇಜಿನ ಮೇಲಿದ್ದ ಅವಳ ಪಾಠಯೋಜನೆಯಲ್ಲೂ ನೂರೇ ಇತ್ತು.

"ವಾಟರ್..." ಎಂದಳು ರಾಗಿಣಿ.

ಅಲ್ಲಿಗೆ ನಿಂತಳು. ಬೆಂಚುಗಳೆಲ್ಲ ದೂರ ಸರಿದಂತಾಯಿತು. ಗುಳ್ಳೆಗಳು ತಳದಿಂದ ಎದ್ದು, ನಿಧಾನವಾಗಿ, ಬಲು ನಿಧಾನವಾಗಿ ಮೇಲೆ ಬಂದು ಒಡೆಯುತ್ತಿದ್ದವು. ಆಲ್ವೇಸ್ ಸೆರಗು ಹೊದ್ದು ಎದ್ದುಹೋಗಿತ್ತು. ಖಾಲಿ ಜಾಗದಲ್ಲಿ ಅವಳೊಬ್ಬಳೇ, ಪ್ಲಗ್ ಕೈಯಲ್ಲಿ ಹಿಡಿದು. ಯಾರೂ ಅವಸರ ಮಾಡಲಿಲ್ಲ.

"...ನೆವರ್ ಬಾಯಿಲ್ಸ್ ಅಟ್ ಹಂಡ್ರೆಡ್ ಇನ್ ಅವರ್ ಬೆಂಗಳೂರು," ಎಂದಳು. "ಥರ್ಮಾಮೀಟರ್ ಸರಿಯಾಗೇ ಇದೆ. ರೈಟ್ ವಾಟ್ ಯೂ ಸೀ." ಬೋರ್ಡಿನ ಮೇಲೆ ಸಮುದ್ರ ಬರೆದಳು, ಅದರ ಮೇಲೆ ಬೆಟ್ಟ, ಬೆಟ್ಟದ ಮೇಲೊಂದು ಒಲೆ. ಮುಂದಿನ ಹತ್ತು ನಿಮಿಷ ಇಂಗ್ಲಿಷಿನಲ್ಲಿ ಅಲ್ಲಲ್ಲಿ ಕನ್ನಡ ನುಸುಳಿದ್ದು ಅವಳಿಗೆ ಗೊತ್ತಾಗಲೇ ಇಲ್ಲ.

ಪಾಠ ಮುಗಿದಾಗ ಪ್ರಿನ್ಸಿಪಾಲ್ ಪಾಠಯೋಜನೆಯ ಹಾಳೆಯ ಮೇಲೆ ಪೆನ್ನಿನ ತುದಿ ಇಟ್ಟರು. "ಇಲ್ಲಿ ಬೇರೆ ಬರ್ದಿದ್ದೀರಲ್ಲ ಮೇಡಂ. ಟೆಸ್ಟಲ್ಲಿ ಮಕ್ಕಳು ಏನು ಬರೀಬೇಕು? ಪೇರೆಂಟ್ಸ್ ಬಂದು ನನ್ನ ಕೇಳ್ತಾರೆ."

"ಪುಸ್ತಕದ ನೂರು ಸಮುದ್ರದ ಪಕ್ಕದ್ದು ಅಂತ ಹೇಳಿಯೇ ಬರೆಸ್ತೀನಿ ಮೇಡಂ. ರೆಕಾರ್ಡಲ್ಲಿ ಮಾತ್ರ ಅವರು ನೋಡಿದ್ದೇ ಇರ್ಲಿ."

"ಸರಿ. ಫೋನ್ ಮಾಡಿಸ್ತೀವಿ," ಎಂದರು ಶಶಿಕಲಾ. ಮುಖದಲ್ಲಿ ಏನೂ ಕಾಣಲಿಲ್ಲ.

ಸಂಜೆ ವತ್ಸಲಮ್ಮ ಕಾಫಿಗೆ ನೀರಿಟ್ಟರು. "ತಪ್ಪು ಮಾಡ್ದೆ ಅನ್ಸತ್ತೆ ಅತ್ತೆ," ಎಂದಳು ರಾಗಿಣಿ. "ಕಂಠಪಾಠ ಮಾಡಿದ್ದನ್ನೇ ಒಪ್ಪಿಸಿ ಬರಬೇಕಿತ್ತು."

"ಆಲ್ವೇಸ್ ಮತ್ತೆ ಬಾಲಕ್ಕೆ ಹೋಯ್ತಾ?"

"ಇಲ್ಲ. ಅದು ಬಸ್ಸೇ ಇಳೀತು."

ಹಜಾರದಲ್ಲಿ ರಾಗಿಣಿಯ ಫೋನು ಹೊಡೆದುಕೊಂಡಿತು. ಅವಳು ಬ್ಯಾಗಿನ ಕಡೆ ತಿರುಗಿದಳು. ಅತ್ತೆಯೇ ಹೋದರು. ದನಿ ಅರ್ಧ ಸ್ವರ ಏರಿತು. "ಯೆಸ್, ಷೀ ಜಸ್ಟ್ ಕೇಮ್ ಹೋಮ್... ಮಂಡೇ? ಲ್ಯಾಬಿನ ಬಿಳೀ ಕೋಟು ಅವಳೇ ತರಬೇಕಾ, ನೀವೇ ಕೊಡ್ತೀರಾ?... ಕೈಂಡ್ಲಿ ಹೋಲ್ಡ್ ದ ಲೈನ್."

ಅವರು ಫೋನು ಹಿಡಿದು ಬಾಗಿಲಲ್ಲಿ ಬಂದು ನಿಂತರು. ರಾಗಿಣಿ ಬ್ಯಾಗಿನಿಂದ ಥರ್ಮಾಮೀಟರ್ ತೆಗೆದು ಒಲೆಯ ಮೇಲಿನ ನೀರಿಗೆ ಇಳಿಬಿಟ್ಟಿದ್ದಳು. ಹಬೆ ಅವಳ ಕನ್ನಡಕವನ್ನು ಮಸುಕು ಮಾಡಿತು. ಸೆರಗಿನಲ್ಲಿ ಒರೆಸಿಕೊಂಡು ಮತ್ತೆ ಬಗ್ಗಿದಳು. ಪಾದರಸದ ಗೆರೆ ಏರಿ, ಏರಿ, ನಿಂತಿತು.

"ಎಷ್ಟೇ?" ಎಂದರು ವತ್ಸಲಮ್ಮ, ಫೋನಿನ ಮೇಲೆ ಕೈಮುಚ್ಚಿ.

"ತೊಂಬತ್ತೇಳು ಡಿಗ್ರಿ."