ಬೋಳುತಲೆ ಯಾರ ಕಡೆಯದು

ನನ್ನ ಮಗಳು ಹುಟ್ಟಿದಾಗ ತಲೆಯಲ್ಲಿ ಹುಡುಕಿದರೂ ಒಂದು ಕೂದಲಿರಲಿಲ್ಲ. ಚಾಮರಾಜನಗರದ ಆಸ್ಪತ್ರೆಯಲ್ಲಿ ಪಕ್ಕದ ಮಂಚದ ಮಗುವಿಗೆ ಕಿವಿ ಮುಚ್ಚುವಷ್ಟು ಕೂದಲು. ನನ್ನ ಅತ್ತೆ ಸೋಮಮ್ಮ ಆ ಮಗುವನ್ನು ನೋಡಿದರು, ನನ್ನ ಮಗುವನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಬಸುರೀಲಿ ಕೂದ್ಲು ಕತ್ತರಿಸ್ಕಂಡೆ. ಬ್ಯಾಡ ಅಂದೆ, ಕೇಳಿದ್ಯಾ? ಇನ್ನು ಮಾದಪ್ಪನ ಬೆಟ್ಟಕ್ಕೋಗಿ ಏನ ಮುಡಿ ಕೊಡದು?"

ಐದನೇ ತಿಂಗಳಲ್ಲಿ ಗುಂಡ್ಲುಪೇಟೆಯ ಪಾರ್ಲರಿನಲ್ಲಿ ಎರಡು ಬೆರಳಷ್ಟು ತುದಿ ಕತ್ತರಿಸಿಕೊಂಡದ್ದು ನಿಜ. ನನ್ನ ಅಮ್ಮ ಕೈ ಮುರಿದುಕೊಂಡಿದ್ದರಿಂದ ಬಾಣಂತನವೂ ಬೇಗೂರಿನ ಅತ್ತೆಮನೆಯಲ್ಲೇ. ದಿನಕ್ಕೆ ಮೂರು ಸಲ ಅದೇ ಮಾತು. ಮಗು ಮಲಗಿದಾಗ ಆ ನುಣ್ಣನೆಯ ತಲೆ ಸವರುತ್ತಾ, ನಿಜಕ್ಕೂ ನಾನೇ ಕೆಡಿಸಿದೆನೇ ಎಂದು ಅಳುತ್ತಿದ್ದೆ.

ಹದಿನೈದನೇ ದಿನ ನರ್ಸ್ ಶಶಿರೇಖಾ ಮಗುವಿನ ತೂಕ ನೋಡಲು ಬಂದರು. ನಾಚಿಕೆ ಬಿಟ್ಟು ಕೇಳಿಯೇಬಿಟ್ಟೆ.

"ನಿನ್ ಕೂದ್ಲು ಕತ್ತರಿಸಿದ್ರೆ ಮಗೀದು ಯಾಕ್ ಓಯ್ತದೆ? ಹೊಟ್ಟೇಲಿದ್ದಾಗ್ಲೇ ಕೂದ್ಲು ಬರಕ್ಕೆ ಸುರುವಾಯ್ತದೆ. ಒಂದಕ್ಕೆ ಜಾಸ್ತಿ, ಒಂದಕ್ಕೆ ಕಮ್ಮಿ. ಹೆಚ್ಚಾಗಿ ಅಪ್ಪ ಅಮ್ಮನ ವಂಶದಿಂದ ಬತ್ತದೆ. ಹುಟ್ಟಿದಾಗ ಇರೋದೂ ಆಮೇಲೆ ಉದುರ್ತದೆ, ಇಲ್ದಿದ್ದೂ ನಿಧಾನಕ್ಕೆ ಬತ್ತದೆ. ನಿಮ್ಮೆರಡು ಮನೇಲಿ ಯಾರು ಬೋಳಾಗಿ ಹುಟ್ಟಿದ್ರು?"

ನಮ್ಮ ಮನೆಯಲ್ಲಿ ಎಲ್ಲರೂ ಕರಡಿಮರಿಗಳಂತೆ ಹುಟ್ಟಿದವರು. ಅತ್ತೆ ಒಲೆಯ ಕಡೆ ತಿರುಗಿಕೊಂಡರು. ನನಗಾಗಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಮಾವ ಮರಿಯಪ್ಪ ತಲೆ ಎತ್ತದೆಯೇ ಹೇಳಿದರು:

"ನಮ್ ರವೀನೆ. ಬೆಟ್ಟದಲ್ಲಿ ಮುಡಿ ತಗಿಯೋನು, ಎಲ್ಲಪ್ಪ ಕೂದ್ಲು ಅಂತ ನನ್ನೇ ಕೇಳ್ದ. ಸುಮ್ನೆ ಕತ್ತಿ ಆಡಿಸ್ಕಂಡು ಬಂದೊ."

ರವಿ ಎಂದರೆ ನನ್ನ ಗಂಡ. ಈಗ ಅವರ ತಲೆಗೆ ಬಾಚಣಿಗೆಯೇ ಇಳಿಯುವುದಿಲ್ಲ. ನನಗೆ ನಗು ತಡೆಯಲಾಗಲಿಲ್ಲ. ಅತ್ತೆ ಮಾತ್ರ ನಗಲಿಲ್ಲ.

"ನಮ್ಮತ್ತೆ ನಂಗೂ ಅಂದಿದ್ರು ಕಣಮ್ಮಿ," ಎಂದರು. "ಗ್ರಹಣದಲ್ಲಿ ಈಚೆ ಬಂದಿದ್ಕೇ ಹಿಂಗಾಯ್ತು ಅಂತ. ವರ್ಷಪೂರ್ತಿ ಅತ್ತಿದ್ದೆ. ಅದೆಲ್ಲ ಮರ್ತು ನಿಂಗೂ ಅಂದ್ಬುಟ್ಟೆ."

ಸಂಜೆ ಪಕ್ಕದ ಮನೆಯ ಚಿಕ್ಕಮಲ್ಲಮ್ಮ ಬಂದು ಮಗುವಿನ ತಲೆ ಸವರಿದರು.

"ಅವ್ವ ಏನ್ ತಿನ್ನಬಾರದ್ದ ತಿಂದ್ಲೋ," ಎಂದು ನನ್ನತ್ತ ತಿರುಗಿದರು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಬಂದು ನಮ್ಮಿಬ್ಬರ ನಡುವೆ ಕೂತರು.

"ಇದು ನಮ್ ಕಡೇದು, ನನ್ ಮಗನ ತಲೆ. ನನ್ ಸೊಸೇನ ಏನೂ ಅನ್ಬ್ಯಾಡ."

ಇಷ್ಟು ದಿನ ಕದ್ದು ಅಳುತ್ತಿದ್ದವಳು, ಆಗ ಅವರ ಹೆಗಲಿಗೊರಗಿ ಎಲ್ಲರೆದುರೇ ಅತ್ತುಬಿಟ್ಟೆ.