ಉಸುಕು ನಿಂತ ತೂತು

ವೆಂಕಣ್ಣನವರ ಕೈಯಲ್ಲಿ ಉಸುಕಿನ ಡಬ್ಬಿ, ಹಸಿ ಮಸಿಯ ಮೇಲೆ ಚಿಮುಕಿಸುತ್ತಾರೆ, ಮಸಿ ಹೀರುವ ಕಾಗದ ಬಂದು ಎಷ್ಟೋ ವರ್ಷವಾದರೂ ಈ ಧಾರವಾಡ ಕಚೇರಿಯ ಮುದಿ ಗುಮಾಸ್ತರಿಗೆ ಉಸುಕೇ ಬೇಕು, ಸರಸರ ಬೀಳುತ್ತದೆ, ಒಣಗಿದ್ದರೆ ಬೀಳುತ್ತದೆ — ಪಂಢರಿನಾಥರಾಯರ, ಸಹಿ ಮಾಡ್ರಿ, ಅನ್ನುತ್ತಾರೆ ನನಗೆ, ವರದಿ ಎರಡ ಸಾಲಿಂದ, ಗೌಂಡಿ ಫಕೀರಪ್ಪ ಹುಕುಂ ಇಲ್ಲದ ಬಿರಡಿ ಕಿತ್ತಾನ, ಅಷ್ಟ — ಅಷ್ಟೇ, ಎರಡು ಸಾಲಿನಲ್ಲಿ ಓವರ್‌ಸಿಯರ್ ಆದ ನಾನು ಉಳಿದೆ, ಸತ್ತವನೇನು ಎದ್ದು ಬಂದು ಜವಾಬು ಕೊಡುತ್ತಾನೆಯೇ. ಸುಳ್ಳ ಊರಿನ ಹಾದಿಯ ಸೇತುವೆ, ಹೊಸ ಕಮಾನಿನ ಕೆಳಗೆ ಕಟ್ಟಿಗೆಯ ಆಸರೆ, ಆಸರೆಯ ಐದು ಕಾಲಿನಡಿ ಉಸುಕು ತುಂಬಿದ ಐದು ಪೆಟ್ಟಿಗೆ, ನಾಲ್ಕೂ ಕಡೆ ಬಿಗಿ ಹಿಡಿದರೆ ಉಸುಕು ಗುಡ್ಡವನ್ನೂ ಹೊರುತ್ತದೆ, ಪುಣೆಯ ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆ, ಬುಡದ ತೂತಿನ ಬಿರಡೆ ಕಿತ್ತರೆ ಐದೂ ಸಮನಾಗಿ ಸೋರಿ ಆಸರೆ ಮೆಲ್ಲಗೆ ಇಳಿಯುತ್ತದೆ, ಕಮಾನು ತಾನೇ ನಿಲ್ಲುತ್ತದೆ — ಉಸುಕು ಒಣಗಿದ್ದರೆ. ಪೆಟ್ಟಿಗೆಗಳ ಮೇಲಿನ ತಾಡಪತ್ರಿ ತೆಗೆಸಿದವನು ನಾನು, ಉದ್ಘಾಟನೆಗೆ ಬರುವ ಸಾಹೇಬನ ತಲೆಗೆ ಬಿಸಿಲು ತಾಗಬಾರದಲ್ಲ, ಮಂಟಪಕ್ಕೆ ಕಟ್ಟಿಸಿದೆ, ಸಂಜೆಗೆ ಮಳೆ ಹೊಡೆಯಿತು. ರಾಯರ, ಐದನೇ ಪೆಟಗಿ ತೊಯ್ದೈತ್ರಿ, ಎರಡ ದಿನಾ ತಡೀರಿ, ಫಕೀರಪ್ಪ ಒಂದು ಹಿಡಿ ಉಸುಕು ಹಿಂಡಿ ತೋರಿಸಿದ, ಉಂಡೆ ಒಡೆಯಲಿಲ್ಲ, ನೀ ನನಗ ಕಲಿಸಲಿಕ್ಕೆ ಬಂದೀ ಏನು, ನಾಳೆ ಸಾಹೇಬ್ರು ಬರ್ತಾರ, ಕೀಳು — ಕೀಳು ಎಂದ ಬಾಯಿ ಇದೇ. ನಾಲ್ಕು ಪೆಟ್ಟಿಗೆ ಸೋರಿದವು, ಐದನೆಯದು ಹಿಡಿಯಷ್ಟು ಉದುರಿಸಿ ನಿಂತಿತು, ತೂತಿನ ಬಾಯಲ್ಲಿ ಒದ್ದೆ ಉಸುಕು ಪುಟ್ಟ ಕಮಾನಿನಂತೆ ಬಾಗಿ ನಿಂತಿತು, ಭಾರವೆಲ್ಲ ಅದೊಂದರ ಮೇಲೆ, ಹಲಗೆ ಕಿರ್ರೆಂದಿತು, ಕಬ್ಬಿಣದ ಹಾರಿಲೆ ತೂತ ಕೆದರು ಎಂದೆ, ಅವನು ನನ್ನ ಮುಖ ನೋಡಿದ, ಬಗ್ಗಿದ — ಏನಾಗುತ್ತದೆಂದು ಅವನಿಗೆ ಗೊತ್ತಿತ್ತು, ಗೊತ್ತಿದ್ದೂ ಬಗ್ಗಿದ, ಅದಕ್ಕೇ ಅವನ ಮೇಲೆ ನನಗೆ ಸಿಟ್ಟು, ಒಂದು ಸಲ ಒಲ್ಲೆ ಅಂದಿದ್ದರೆ ಅವನ ಗಂಟೇನು ಹೋಗುತ್ತಿತ್ತು. ಪೆಟ್ಟಿಗೆ ಸಿಡಿಯಿತು, ಆಸರೆ, ಕಲ್ಲು, ಧೂಳು, ಕೆಳಗೆ ಅವನು. ಕಚೇರಿಯ ಹೊರಗೆ ಬೇವಿನ ಗಿಡದ ಕೆಳಗೆ ಅವನ ಹೆಂಡತಿ ಫಕೀರವ್ವ ಮುಂಜಾನೆಯಿಂದ ಕೂತಿದ್ದಾಳೆ, ನನಗೇನೂ ಬ್ಯಾಡ್ರೀ ರಾಯರ, ನನ್ನ ಗಂಡ ಹುಕುಂ ಮೀರಿದಂವ ಅಲ್ಲ, ಅದೊಂದ ಮಾತ ಬರೀರಿ, ಬರೀತೇನವಾ ಎಂದೆನಲ್ಲ, ಥೂ, ಎಂಥ ನಾಲಗೆ — ಲಗೂ ಮಾಡ್ರಿ ರಾಯರ, ವೆಂಕಣ್ಣನವರ ಅವಸರ, ಪೆನ್ನಿನ ಟಾಕಿನ ಮಸಿ ಒಣಗಲಿಕ್ಕೆ ಹತ್ತೇದ — ಪಂಢರಿನಾಥ ಎಂದು ಬರೆಯಿತು ಕೈ, ವೆಂಕಣ್ಣನವರು ಡಬ್ಬಿ ಬಗ್ಗಿಸಿದರು, ನನ್ನ ಹೆಸರಿನ ಮೇಲೆ ಸರಸರ ಉಸುಕು, ಇಲ್ಲಿ ಎಷ್ಟು ಸಲೀಸಾಗಿ ಬೀಳುತ್ತದೆ, ಅಲ್ಲಿ ಆ ತೂತು, ಉಸುಕು ಬಾಗಿ ನಿಂತ ತೂತು, ಅದರೆದುರು ಬಗ್ಗಿದ ಅವನ ಮುಖ, ಆ ತೂತು, ಆ