ಎಷ್ಟಮ್ಮನ ನಾಲ್ಕನೇ ಪ್ರಶ್ನೆ

ಮರ ಕೊಯ್ಯುವ ಯಂತ್ರಕ್ಕೆ ಚೈನು ಬೇಕೆಂದು ಯಾರೇ ಅಂಗಡಿಗೆ ಬರಲಿ, ಮೂರು ಪ್ರಶ್ನೆ ಕೇಳದೆ ಅಂಗಡಿಯ ಒಡತಿ ಪೆಟ್ಟಿಗೆಗೆ ಕೈ ಹಾಕುತ್ತಿರಲಿಲ್ಲ. ಹಲ್ಲಿಗೂ ಹಲ್ಲಿಗೂ ಅಂತರ ಎಷ್ಟು? ಚೈನು ಸುತ್ತುವ ಉದ್ದನೆಯ ಪಟ್ಟಿ, ಅಂದರೆ ಬಾರು, ಅದರ ಅಂಚಿನ ಸೀಳಿನೊಳಗೆ ಇಳಿಯುವ ಒಳಹಲ್ಲುಗಳು ಎಷ್ಟು? ಆ ಒಳಹಲ್ಲಿನ ದಪ್ಪ ಎಷ್ಟು? ಉತ್ತರ ತಿಳಿಯದವನು ಎರಡು ಕೈ ಚಾಚಿ "ಇಷ್ಟುದ್ದ ಇದೆ" ಎಂದು ತೋರಿಸಿದನೋ, ಅವನ ಕಥೆ ಮುಗಿದಂತೆಯೇ.

"ಮೊಳ ಹಾಕಿ ಕೊಡೋಕೆ ಇದೇನು ಹಗ್ಗ ಅನ್ಕೊಂಡ್ಯಾ?"

ಹೀಗಾಗಿ ಆಕೆಗೆ ಎಷ್ಟಮ್ಮ ಎಂದೇ ಹೆಸರು ಬಿದ್ದಿತ್ತು. ಅದು ಆಕೆಗೂ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

ಮಗಳ ಗಂಡ ಮರ ಕೊಯ್ಯುವವನು. ಅಳಿಯನೆಂದು ರಿಯಾಯಿತಿ ಏನಿಲ್ಲ, ಅವನಿಗೆ ವಿಚಾರಣೆ ಇನ್ನೂ ಒಂದು ಕೈ ಹೆಚ್ಚೇ. "ಎಷ್ಟಮ್ಮನ ಅಳಿಯ ಆಗಿ ಇಷ್ಟೂ ಗೊತ್ತಿಲ್ವಾ?" ಎಂದು ಗಿರಾಕಿಗಳ ಎದುರೇ ಎಳೆದಾಡುವಳು. ಗಿರಾಕಿಗಳು ಹಲ್ಲು ಕಿರಿಯುವರು. ಅವನು ಕಿವಿ ಕೆರೆದುಕೊಂಡು, ಮುಖ ಕೆಂಪಗೆ ಮಾಡಿಕೊಂಡು ನಿಲ್ಲುವನು. ತಾನು ಅವನ ಮೇಲೆ ಪ್ರೀತಿಯನ್ನೇ ಸುರಿಯುತ್ತಿದ್ದೇನೆಂದು ಎಷ್ಟಮ್ಮ ನಂಬಿದ್ದಳು. ಇಂಥ ಪ್ರೀತಿ ಮನೆಮನೆಯಲ್ಲೂ ಇರುತ್ತದೆ, ಸುರಿಸಿಕೊಂಡವರಿಗೆ ಮಾತ್ರ ಅದು ಪ್ರೀತಿಯೆಂದು ತಿಳಿಯುವುದಿಲ್ಲ.

ಒಂದು ಬೆಳಿಗ್ಗೆ ಮಗಳು ಹಳೆಯ ಹೊದಿಕೆಯಲ್ಲಿ ಸುತ್ತಿದ ಯಂತ್ರವನ್ನು ತಂದು ಕೌಂಟರಿನ ಮೇಲೆ ಇಟ್ಟಳು. ಅತ್ತು ಅತ್ತು ಕಣ್ಣು ಊದಿಕೊಂಡಿದ್ದವು.

"ಇದನ್ನ ಮಾರಿಬಿಡು ಅಂತಾರೆ ಅಮ್ಮ. ಎಲ್ಲೋ ಗೋಡೌನು ಕಾಯೋ ಕೆಲಸ ಇದೆಯಂತೆ, ಸೋಮವಾರದಿಂದ ಹೋಗ್ತಾರಂತೆ."

"ಗೋಡೌನಾ? ಮರ ಹತ್ತೋನಿಗೆ ಗೋಡೌನಲ್ಲಿ ಏನು ಕೆಲಸ?"

"ಕೈ ಹೋಯ್ತಂತೆ. ಈಚೆಗೆ ನೇರ ಕೊಯ್ಯೋಕೇ ಆಗ್ತಿಲ್ಲ. ಎಷ್ಟು ಹುಷಾರಾಗಿ ಹಿಡಿದ್ರೂ ಒಂದು ಕಡೆಗೇ ಎಳ್ಕೊಂಡು ಹೋಗುತ್ತೆ. ನಿನ್ನೆ ಮರ ಬೀಳಬೇಕಾದ ಕಡೆ ಬೀಳ್ಲಿಲ್ಲ. ಜೊತೆಗಾರ ಪಕ್ಕಕ್ಕೆ ಹಾರಿದ, ಕೂದಲೆಳೇಲಿ ಬಚಾವ್. ರಾತ್ರಿಯಿಡೀ ಕೈ ನೋಡ್ಕೊಂಡೇ ಕೂತಿದ್ರು. ಮಾವನಿಗೂ ಹೀಗೇ ಶುರುವಾಗಿದ್ದಂತೆ, ಆಮೇಲೆ ಲೋಟ ಹಿಡಿಯೋಕೂ ಆಗ್ತಿರ್ಲಿಲ್ಲ."

ಅಷ್ಟರಲ್ಲಿ ಎಷ್ಟಮ್ಮನ ಕೈ ಆಕೆಯನ್ನು ಕೇಳದೆ ತನ್ನ ಕೆಲಸಕ್ಕೆ ಹೊರಟಾಗಿತ್ತು. ಚೈನನ್ನು ಎರಡು ಬೆರಳಲ್ಲಿ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿದಳು. ಅದು ಬೀಳಲಿರುವ ಹಾಲುಹಲ್ಲಿನಂತೆ ಅತ್ತಿತ್ತ ವಾಲಿತು. ಬಿಚ್ಚಿ ಅಳೆದು ನೋಡಿದಳು. ಅಂತರ ಸರಿ, ಒಳಹಲ್ಲುಗಳ ಲೆಕ್ಕ ಸರಿ. ದಪ್ಪ ಮಾತ್ರ ತುಸು ಕಡಿಮೆ. ಅಗಲ ಸೀಳಿನಲ್ಲಿ ತೆಳು ಹಲ್ಲು, ಕೊಯ್ಯುವಾಗ ವಾಲದೆ ಇನ್ನೇನು ಮಾಡೀತು?

"ಕೈ ಹೋಗಿಲ್ಲ, ಮಣ್ಣೂ ಹೋಗಿಲ್ಲ! ಈ ಬಾರಿಗೆ ಈ ಚೈನು ಅಲ್ವೇ ಅಲ್ಲ. ಇದು ನಮ್ಮ ಅಂಗಡೀದೂ ಅಲ್ಲ. ಎಲ್ಲಿ ತಗೊಂಡ್ರು?"

ಮಗಳು ಹೊದಿಕೆ ಮಡಚತೊಡಗಿದಳು. "ಬಸ್ ನಿಲ್ದಾಣದ ಹಿಂದಿನ ಅಂಗಡೀಲಿ."

ಎಷ್ಟಮ್ಮನಿಗೆ ಪಿತ್ತ ನೆತ್ತಿಗೇರಿತು. "ಅತ್ತೆ ಅಂಗಡಿ ಇಟ್ಕೊಂಡು ಇಲ್ಲಿ ಬದುಕಿದ್ದಾಳೆ, ಅಲ್ಲಿಗೆ ಯಾಕೆ ಹೋದ್ರು? ಅವನಲ್ಲಿ ಅಂಥದ್ದೇನಿದೆ?"

"ಅಲ್ಲಿ ಏನೂ ಕೇಳಲ್ವಂತೆ ಅಮ್ಮ."

ಮಗಳು ಇದನ್ನು ಚುಚ್ಚಲೆಂದು ಹೇಳಲಿಲ್ಲ, ಇದ್ದದ್ದನ್ನು ಹೇಳಿದಳು. ಅದಕ್ಕೇ ಅದು ನಾಟಿತು. ಕಿವಿ ಕೆರೆದುಕೊಂಡು ನಿಂತ ಅಳಿಯನ ಮುಖ, ಸುತ್ತ ಕಿಸಿದ ಹಲ್ಲುಗಳು ಎಲ್ಲವೂ ಎಷ್ಟಮ್ಮನಿಗೆ ಈಗ ಹೊಸದಾಗಿ ಕಂಡವು. ಆಕೆ ಪೆಟ್ಟಿಗೆಯಿಂದ ಸರಿಯಾದ ಚೈನು ತೆಗೆದು ಯಂತ್ರಕ್ಕೆ ತೊಡಿಸಿ, ಹಳೆಯದನ್ನು ಚೀಲಕ್ಕೆ ಸೇರಿಸಿ, ಅಂಗಡಿಗೆ ಬೀಗ ಹಾಕಿ, ಯಂತ್ರ ಹೊತ್ತು ಮಗಳ ಜೊತೆ ಅವಳ ಮನೆಗೆ ಹೊರಟಳು. ಕೆಲಸದ ದಿನ ಎಷ್ಟಮ್ಮನ ಅಂಗಡಿಗೆ ಬೀಗ ಬಿದ್ದದ್ದನ್ನು ಕಂಡು ಎದುರಿನ ದರ್ಜಿ ಹೊಲಿಗೆ ನಿಲ್ಲಿಸಿದ.

ಅಳಿಯ ಹಿತ್ತಿಲ ಮೆಟ್ಟಿಲ ಮೇಲೆ, ಬಲಗೈಯನ್ನು ಎಡ ಕಂಕುಳಲ್ಲಿ ಸಿಕ್ಕಿಸಿಕೊಂಡು ಕುಳಿತಿದ್ದ. ಅತ್ತೆಯನ್ನು ಕಂಡು ಗಡಬಡಿಸಿ ಎದ್ದ.

"ಯಂತ್ರ ಮಾರ್ತೀರಂತೆ," ಎಂದಳು. "ನಾನೇ ತಗೋತೀನಿ. ಆದ್ರೆ ಕೊಯ್ದು ತೋರಿಸ್ದೆ ನಾನು ಏನನ್ನೂ ಕೊಳ್ಳಲ್ಲ."

"ಬೇಡ ಅತ್ತೆ. ನನ್ನ ಕೈ..."

"ಕೈ ಯಾರು ಕೊಳ್ತಾರೆ? ನಾನು ಯಂತ್ರ ಕೇಳಿದ್ದು."

ಒಲ್ಲದ ಮನಸ್ಸಿನಿಂದ ಅವನು ಮೂಲೆಯಲ್ಲಿದ್ದ ದಿಮ್ಮಿಯನ್ನು ಹೊರಳಿಸಿ, ಹಗ್ಗ ಎಳೆದು ಯಂತ್ರ ಚಾಲೂ ಮಾಡಿದ. ಮಗಳು ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಳು. ಬಾರು ದಿಮ್ಮಿಯೊಳಗೆ ಇಳಿಯಿತು, ಇಳಿಯುತ್ತಲೇ ಹೋಯಿತು, ದುಂಡನೆಯ ಬಿಲ್ಲೆಯೊಂದು ಕಳಚಿ ಬಿತ್ತು. ಎಷ್ಟಮ್ಮ ಅದನ್ನೆತ್ತಿ ಮೆಟ್ಟಿಲ ಮೇಲಿಟ್ಟು ಬೆರಳಿನಿಂದ ಒತ್ತಿದಳು. ಕೊಯ್ತ ನೇರವಾಗಿತ್ತು, ಅದು ಒಂಚೂರೂ ಅಲುಗಲಿಲ್ಲ.

ಅವನು ಯಂತ್ರ ನಿಲ್ಲಿಸಿ ಬಿಲ್ಲೆಯನ್ನೇ ನೋಡಿದ. ಅದನ್ನು ತಿರುಗಿಸಿ ಮತ್ತೆ ನೋಡಿದ. ಎಷ್ಟಮ್ಮ ಚೀಲದಿಂದ ಹಳೆಯ ಚೈನು ತೆಗೆದು ಅವನ ಅಂಗೈಯಲ್ಲಿ ಹಾಕಿದಳು.

"ತಪ್ಪು ಕೈದಲ್ಲಪ್ಪ. ಇದರ ಒಳಹಲ್ಲು ತೆಳು."

ಅವನು ಮೆಟ್ಟಿಲ ಮೇಲೆ ಕುಳಿತ. "ಅಪ್ಪನ ಹಾಗೇ ಆಗೋಯ್ತು ಅನ್ಕೊಂಡಿದ್ದೆ ಅತ್ತೆ," ಎಂದವನು ಚೈನು ಹಿಡಿದ ಕೈಯಲ್ಲೇ ಮುಖ ಮುಚ್ಚಿಕೊಂಡು ಗಳಗಳನೆ ಅತ್ತುಬಿಟ್ಟ. ಗ್ರೀಸು ಹಣೆಗೆಲ್ಲ ಮೆತ್ತಿತು. 'ನನ್ನ ಅಂಗಡಿಗೆ ಬಂದಿದ್ರೆ ಹೀಗಾಗ್ತಿತ್ತಾ?' ಎಂಬ ಮಾತು ಎಷ್ಟಮ್ಮನ ನಾಲಿಗೆ ತುದಿಗೆ ಬಂದಿತ್ತು. ಯಾಕೆ ಬರಲಿಲ್ಲವೆಂದು ಈಗ ಗೊತ್ತಿತ್ತಲ್ಲ, ನುಂಗಿಕೊಂಡಳು. ಅಷ್ಟು ದೊಡ್ಡ ಮಾತನ್ನು ನುಂಗಿದ್ದು ಆಕೆಯ ಜೀವಮಾನದಲ್ಲಿ ಅದೇ ಮೊದಲು.

"ಯಂತ್ರ ಮಾರ್ತೀರಾ, ಇಟ್ಕೋತೀರಾ?"

"ಇಟ್ಕೋತೀನಿ ಅತ್ತೆ."

ಆ ಚೈನು ಸವೆಯುವ ಹೊತ್ತಿಗೆ ಅವನು ಅಂಗಡಿಗೆ ಬಂದ. ತುಂಬ ಜನ ಇದ್ದರು. ಅಳಿಯ ಬಂದನೆಂದರೆ ತಮಾಷೆಯೆಂದು ಆಗಲೇ ಒಬ್ಬ ಸ್ಟೂಲು ಎಳೆದುಕೊಂಡು ಕುಳಿತ. ಅಳಿಯ ಹೊಸ್ತಿಲಲ್ಲೇ ನಿಂತು, ಪಾಠ ಒಪ್ಪಿಸುವವನಂತೆ ಅಂತರ, ಲೆಕ್ಕ, ದಪ್ಪ ಮೂರನ್ನೂ ಒಂದೇ ಉಸಿರಿಗೆ ಹೇಳಿದ. ಮೂರೂ ಸರಿಯಾಗಿದ್ದವು.

ಎಷ್ಟಮ್ಮ ಪೆಟ್ಟಿಗೆ ತೆಗೆದಳು. ಕೇಳಲು ಏನೂ ಉಳಿದಿರಲಿಲ್ಲ. ಆದರೆ ಅಷ್ಟು ಕಾಲದ ಅಭ್ಯಾಸ, ಬಾಯಿ ತಾನಾಗಿ ತೆರೆದುಕೊಂಡಿತು.

"ಎಷ್ಟು..."

ಸ್ಟೂಲಿನ ಮೇಲಿದ್ದವನು ಮುಂದಕ್ಕೆ ಬಾಗಿದ. ಅಳಿಯನ ಕೈ ಕಿವಿಯ ಕಡೆ ಹೊರಟಿತು.

"ಎಷ್ಟು ಹೊತ್ತಿಗೆ ಮನೆ ಬಿಟ್ರಿ?" ಎಂದಳು ಎಷ್ಟಮ್ಮ. ಚೈನನ್ನು ಕಾಗದದಲ್ಲಿ ಸುತ್ತುತ್ತ, ಅವನ ಮುಖ ನೋಡದೆ ಕೇಳಿದಳು, "ಊಟ ಆಯ್ತಾ?"

ಮನೆಯಿಂದ ಹೊಟ್ಟೆ ಬಿರಿಯೆ ಉಂಡೇ ಹೊರಟಿದ್ದ ಅವನು.

"ಇಲ್ಲ ಅತ್ತೆ," ಎಂದ.